ಕಿವಿ ತಿದ್ದಿದವರಿಗೆ ನಮಸ್ಕಾರ

ಕಳೆದ ತಿಂಗಳು ದೂರವಾಣಿ ಕೆಲಸದಿಂದ ನಿವೃತ್ತನಾದೆ. ಸಿಂಧನೂರಿನ ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಹೊಗಳಿಕೆ ಎಲ್ಲವೂ ಸಿಕ್ಕವು. ಹೊಗಳಿಕೆಯಲ್ಲಿ ಬಹುಪಾಲು ಬೇರೆಯವರಿಗೆ ಸಲ್ಲಬೇಕಾದದ್ದು. ಅದನ್ನು ಹಂಚಲು ಈ ಬರಹ.

ಮೊದಲ ಪಾಲು ಲಿಂಗಸುಗೂರಿನಲ್ಲಿ ನನಗೆ ಕೆಲಸ ಕಲಿಸಿದ, ಕೇಬಲ್ ಜೋಡಿಸುವ ಜಾಯಿಂಟರ್ ಕಾಕಾ ಅವರದು. ಅವರು ಈಗ ಇಲ್ಲ. ಶಾಲೆಗೆ ಹೋದದ್ದು ಕಡಿಮೆ, ಆದರೆ ಕೈಪಿಡಿ ಓದಿದ ನಮಗಿಂತ ಮೊದಲೇ ಲೈನಿನ ದೋಷ ಹೇಳುತ್ತಿದ್ದರು. ಹ್ಯಾಂಡ್‌ಸೆಟ್ ನನ್ನ ಕಿವಿಗಿಟ್ಟು "ಏನು ಕೇಳಿಸುತ್ತದೆ?" ಎಂದು ಕೇಳುವರು. ಗುಂಯ್ ಎಂದರೆ ತಂತಿ ಎಲ್ಲೋ ನೆಲಕ್ಕೆ ತಾಗಿದೆ, ಚರಚರ ಎಂದರೆ ಜಾಯಿಂಟಿಗೆ ನೀರು ಇಳಿದಿದೆ, ಸದ್ದೇ ಇಲ್ಲವೆಂದರೆ ಯಾರೋ ಗುಂಡಿ ತೋಡಿ ಕೇಬಲ್ ಕಡಿದಿದ್ದಾರೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ನೆಲದೊಳಗಿನ ಕೇಬಲ್ಲನ್ನು ಎಳೆದಾಡುತ್ತದೆ. ಜಾಯಿಂಟಿನ ಎರಡೂ ಬದಿಗೆ ಒಂದಿಷ್ಟು ಸಡಿಲ ಬಿಡಬೇಕೆಂದು ಹಟ ಹಿಡಿದು ಕಲಿಸಿದವರೂ ಅವರೇ.

ನಾನು ಸೇರಿದ ಕಾಲಕ್ಕೆ ಹಳ್ಳಿಗಳಿಗೆ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಎಕ್ಸ್‌ಚೇಂಜ್, ಅಂದರೆ ಕರೆಗಳನ್ನು ಜೋಡಿಸುವ ಯಂತ್ರ, ಬರತೊಡಗಿತ್ತು. 1984ರಲ್ಲಿ ಹುಟ್ಟಿದ ಆ ಸಂಸ್ಥೆ ಎರಡೇ ವರ್ಷದಲ್ಲಿ ಕಿತ್ತೂರಿನಲ್ಲಿ ಮೊದಲ ಯಂತ್ರವನ್ನು ಕೂರಿಸಿತ್ತು. ಹವಾನಿಯಂತ್ರಣ ಬೇಡದ, ಧೂಳಿಗೆ ಅಂಜದ ಯಂತ್ರ. ರಾಯಚೂರಿನ ಮೇ ತಿಂಗಳನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಅದನ್ನು ರೂಪಿಸಿದ ಎಂಜಿನಿಯರುಗಳಿಗೆ ದೂರದಿಂದಲೇ ನಮಸ್ಕಾರ. ಕಂಬದ ಮೇಲಿದ್ದವನನ್ನು ಕೆಳಗೆ ಕರೆದು ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟ ಮನೆಗಳಿಗೂ. ಆ ಮನೆಗಳಲ್ಲಿ ಅನೇಕಕ್ಕೆ ಫೋನೇ ಇರಲಿಲ್ಲ.

2020ರ ಜನವರಿ ಕೊನೆಗೆ ದೇಶದಾದ್ಯಂತ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ಮಂದಿ ಸ್ವಯಂ ನಿವೃತ್ತಿ ಪಡೆದರು. ನನ್ನ ಜೊತೆ ಚಹಾ ಕುಡಿಯುತ್ತಿದ್ದವರೆಲ್ಲ ಹೊರಟರು. ಉಳಿದ ನನ್ನೆದುರು ಫೈಬರ್ ಬಂದು ನಿಂತಿತು. 125 ಮೈಕ್ರಾನ್ ದಪ್ಪದ ಗಾಜಿನ ಎಳೆ. ಅದರಲ್ಲಿ ಬೆಳಕು ಓಡುತ್ತದೆ, ಕಿವಿಗೆ ಅಲ್ಲಿ ಕೆಲಸವೇ ಇಲ್ಲ. ಚಾಳೀಸು ಏರಿಸಿ ಕುಳಿತ ನನಗೆ ಎಳೆಯನ್ನು ನೇರವಾಗಿ ಕತ್ತರಿಸುವುದನ್ನೂ ಬೆಸೆಯುವುದನ್ನೂ ಹೇಳಿಕೊಟ್ಟವರು ಗುತ್ತಿಗೆದಾರರೊಬ್ಬರ ಬಳಿ ದುಡಿಯುವ ಹುಡುಗರು. "ಕಾಕಾ, ಅವಸರವಿಲ್ಲ, ಇನ್ನೊಮ್ಮೆ ನೋಡೋಣ" ಎನ್ನುವರು. ಅವರಿಗೆ ಅವಸರವಿತ್ತು ಎಂಬುದು ನನಗೆ ಗೊತ್ತಿತ್ತು. ಅವರ ತಿಂಗಳ ಕೂಲಿ ನನ್ನ ಪಿಂಚಣಿಗಿಂತ ಬಹಳ ಕಡಿಮೆ. ಅದನ್ನು ಮುಚ್ಚಿಟ್ಟು ಬರೀ ಧನ್ಯವಾದ ಹೇಳಲು ನನಗೆ ನಾಚಿಕೆ.

ಕೆಲಸವಿಲ್ಲದ ಕಿವಿಗೆ ಕೆಲಸ ಕೊಟ್ಟದ್ದು ಹಳೆಯ ರೇಡಿಯೊಗಳು. ಕಲಬುರಗಿ ಆಕಾಶವಾಣಿ ಕೇಳುತ್ತ ಬೆಳೆದವನು ನಾನು. ಕೆಟ್ಟ ಸೆಟ್ಟನ್ನು ಬಿಚ್ಚುವ ಚಟ ಆಗಿನಿಂದಲೂ ಇದೆ. ಒಂದೇ ಸಮನೆ ಗುಂಯ್‌ಗುಟ್ಟಿದರೆ ಸಾಮಾನ್ಯವಾಗಿ ಕರೆಂಟಿನ ಏರಿಳಿತ ಸಮಮಾಡುವ ಫಿಲ್ಟರ್ ಕಂಡೆನ್ಸರ್ ಒಣಗಿರುತ್ತದೆ. ಗುಂಡಿ ತಿರುಗಿಸಿದಾಗ ಮಾತ್ರ ಕರಕರ ಎಂದರೆ ವಾಲ್ಯೂಮ್ ಕಂಟ್ರೋಲಿನಲ್ಲಿ ಧೂಳು. ಲಿಂಗಸುಗೂರಿನ ಪಾಠವೇ ಇಲ್ಲೂ ನಡೆಯುತ್ತದೆ. ಬೆಂಗಳೂರಿನ ಬಿಇಎಲ್ ಕಾರ್ಖಾನೆ ಒಂದು ಕಾಲಕ್ಕೆ ತಯಾರಿಸಿದ ವಾಲ್ವುಗಳನ್ನು, ಅಂದರೆ ಹಳೆಯ ರೇಡಿಯೊದ ಗಾಜಿನ ಕೊಳವೆಗಳನ್ನು, ಹಳೆಯ ಪೆಟ್ಟಿಗೆಗಳಿಂದ ಹುಡುಕಿ ತೆಗೆದು, ದುಡ್ಡು ಮುಂದಿನ ತಿಂಗಳು ಕೊಡಿ ಎಂದ ರಾಯಚೂರಿನ ಅಂಗಡಿಯವರಿಗೆ ನಾನು ಇಂದಿಗೂ ಋಣಿ. ಅಡುಗೆಮನೆಯ ಕಪಾಟಿನ ಅರ್ಧ ಬಿಟ್ಟುಕೊಟ್ಟ ಹೆಂಡತಿಗೆ ಇನ್ನೂ ಹೆಚ್ಚು ಋಣಿ. ಬೆಸುಗೆಯ ಹೊಗೆ ಒಗ್ಗರಣೆಯ ಮೇಲೆ ಬಂದಾಗ ಬೈದದ್ದು ನ್ಯಾಯವೇ.

ಇನ್ನು ಬೆಳಗಿನ ಹೊತ್ತು ಬಿಡುವಾಗಿರುತ್ತೇನೆ. ಸುತ್ತಲಿನವರು ಅಜ್ಜನ ರೇಡಿಯೊ ಅಟ್ಟದಲ್ಲಿದ್ದರೆ ಇಳಿಸಿ ತನ್ನಿ, ಬಿಡಿಭಾಗಕ್ಕೆ ಆದಷ್ಟು ಕೊಟ್ಟರೆ ಸಾಕು. ಆ ಫೈಬರ್ ಹುಡುಗರಲ್ಲಿ ಒಬ್ಬ ಈಗಾಗಲೇ ಭಾನುವಾರಗಳಲ್ಲಿ ಬಂದು ನನ್ನ ಪಕ್ಕ ಕೂರುತ್ತಿದ್ದಾನೆ, ಅವನ ಕೈಗೂ ಕೆಲಸ ಬೇಕು. ಟಿವಿ ಮಾತ್ರ ತರಬೇಡಿ.