ಮಾರುವ ಮನೆಯ ಫೋಟೊ: ಬಣ್ಣಕ್ಕಿಂತ ಮೊದಲು ಬೆಳಕು ನೋಡಿ

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ ಮನೆ ಕೊಳ್ಳುವವರು ಈಗ ಗೇಟು ತೆರೆಯುವ ಮೊದಲೇ ಮೊಬೈಲಿನಲ್ಲಿ ಮನೆ ನೋಡಿ ಮುಗಿಸಿರುತ್ತಾರೆ. ಆ ಚಿತ್ರಗಳಲ್ಲೋ, ಸಿಂಕಿನ ತುಂಬ ಮುಸುರೆ ಪಾತ್ರೆ, ಸೋಫಾದ ಮೇಲೆ ಮಡಚದ ಬಟ್ಟೆ, ಅರೆಬರೆ ಸರಿಸಿದ ಪರದೆ. ಮಾರುವ ಮುಂಚೆ ಪೇಂಟಿಂಗ್‌ಗೆ ದುಡ್ಡು ಸುರಿಯುವವರೂ ಫೋಟೊಗೆಂದು ಅರ್ಧ ದಿನ ಎತ್ತಿಡುವುದಿಲ್ಲ. ಹೊತ್ತು ನೋಡಿ ತೆಗೆದರೆ ಅರ್ಧ ಕೆಲಸ ಆದಂತೆಯೇ.

ಪೂರ್ವಕ್ಕೆ ಮುಖ ಮಾಡಿದ ಮನೆಯ ಮುಂಭಾಗವನ್ನು ಬೆಳಗ್ಗೆ 8ರಿಂದ 10ರೊಳಗೆ, ಪಶ್ಚಿಮದ್ದನ್ನು ಸಂಜೆ 4ರ ಮೇಲೆ ತೆಗೆಯಬೇಕು. ಉತ್ತರ ಮುಖದ ಮನೆಗೆ ವರ್ಷದ ಹಲವು ತಿಂಗಳು ನೇರ ಬಿಸಿಲು ಬೀಳದು. ತೆಳು ಮೋಡವಿರುವ ದಿನವೇ ವಾಸಿ. ಒಳಗೆ ಪರದೆಗಳನ್ನು ಪೂರ್ತಿ ಸರಿಸಿ ಲೈಟು ಆರಿಸಿ. ಕೋಣೆ ಕತ್ತಲಾಗಿದ್ದು ಲೈಟು ಬೇಕೇ ಬೇಕೆಂದರೆ ಎಲ್ಲ ಬಲ್ಬೂ ಒಂದೇ ಬಣ್ಣದ್ದಿರಲಿ. ಹಳದಿ ಬಲ್ಬು, ಬಿಳಿ ಟ್ಯೂಬ್‌ಲೈಟು ಒಟ್ಟಿಗೆ ಉರಿದರೆ ಒಂದೇ ಗೋಡೆ ಅರ್ಧ ಹಳದಿ, ಅರ್ಧ ನೀಲಿಯಾಗುತ್ತದೆ. ಫ್ಯಾನೂ ನಿಲ್ಲಿಸಿ, ಇಲ್ಲವಾದರೆ ಸೂರಿನಲ್ಲಿ ಮಸುಕು ಕಲೆಯೊಂದು ಮೂಡುತ್ತದೆ.

ಸರಸ್ವತಿಪುರಂ, ಲಕ್ಷ್ಮೀಪುರಂ ಕಡೆಯ ಹಳೇ ಮನೆಗಳ ಕೆಂಪು ಗಾರೆ ನೆಲ ಚಿತ್ರದಲ್ಲಿ ಎದ್ದು ಕಾಣುವ ಆಸ್ತಿ. ಅದನ್ನೇ ಆಸಿಡ್ ಹಾಕಿ ತಿಕ್ಕಿಸಿ ಕೆಡಿಸುತ್ತಾರೆ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ; ಹೊಳಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಹಿಂದಿನ ದಿನ ಸೀಗೆಪುಡಿ ಇಲ್ಲವೇ ಮೆದು ಸೋಪಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಬಟ್ಟೆಗೆ ನಾಲ್ಕೈದು ಹನಿ ತೆಂಗಿನೆಣ್ಣೆ ತಗುಲಿಸಿ ಉಜ್ಜಿದರೆ ಸಾಕು. ಎಣ್ಣೆ ಹೆಚ್ಚಾದರೆ ಕಿಟಕಿಯ ಬೆಳಕು ನೆಲದಲ್ಲಿ ಬಿಳಿ ಪಟ್ಟೆಯಾಗಿ ಹೊಳೆಯುತ್ತದೆ, ನೋಡಲು ಬಂದವರು ಜಾರಿಬೀಳುವುದು ಬೇರೆ.

ಅಡುಗೆಮನೆ ಕಟ್ಟೆಯ ಮೇಲೆ ಸ್ಟೌವ್ ಬಿಟ್ಟು ಬೇರೇನೂ ಬೇಡ. ದೇವರಮನೆಯ ಬಾಡಿದ ಹೂವು, ಬಚ್ಚಲಿನ ಬಕೆಟ್ಟು, ಗೋಡೆಯ ಮೂರು ಕ್ಯಾಲೆಂಡರು ತೆಗೆದಿಡಿ. ಮಕ್ಕಳ ಫೋಟೊ, ಮಾತ್ರೆಯ ಡಬ್ಬಿ, ಬೀರುವಿನ ಬೀಗದ ಕೈ, ವಾಹನದ ನಂಬರು ಊರಿಗೆಲ್ಲ ಕಾಣಬೇಕಾಗಿಲ್ಲ.

ಮೊಬೈಲಿನ ಲೆನ್ಸ್ ಒರೆಸಿ, ಅಡ್ಡ ಹಿಡಿದು, ಸುಮಾರು 4 ಅಡಿ ಎತ್ತರದಿಂದ ತೆಗೆಯಿರಿ. ಫೋನು ಮೇಲಕ್ಕೋ ಕೆಳಕ್ಕೋ ವಾಲಿದರೆ ಗೋಡೆಗಳೂ ವಾಲುತ್ತವೆ. ಜಾಗವನ್ನು ಇರುವುದಕ್ಕಿಂತ ಅಗಲವಾಗಿ ತೋರಿಸುವ 0.5 ವೈಡ್ ಬಳಸಿ 10×10ರ ಕೋಣೆಯನ್ನು ಕಲ್ಯಾಣ ಮಂಟಪ ಮಾಡುವ ಚಾಳಿ ಬೇಡ; ಬೆಂಗಳೂರಿನಿಂದ ಬಂದವರು ಬಾಗಿಲಲ್ಲೇ ಮುಖ ಸಪ್ಪಗೆ ಮಾಡಿಕೊಂಡು ಚೌಕಾಸಿಗೆ ಇಳಿಯುತ್ತಾರೆ.

ಗೋಡೆಯ ತೇವದ ಮೇಲೆ ಬಣ್ಣ ಬಳಿದು ಫೋಟೊ ತೆಗೆಸುವುದಂತೂ ತಪ್ಪು. ಸೋರಿಕೆ ನಿಲ್ಲಿಸಿ, ಗೋಡೆ ಒಣಗಿಸದಿದ್ದರೆ ಹೊಸ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಸಾಧಾರಣ ಎಚ್ಚರದಿಂದ ನೋಡಿದರೂ ಕೊಳ್ಳುವವರಿಗೆ ಕಾಣದಂಥ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ನೇ ಹೇಳುತ್ತದೆ.

ಸಂಪು, ಓವರ್‌ಹೆಡ್ ಟ್ಯಾಂಕು, ಮನೆ ಮುಂದಿನ ರಸ್ತೆಯ ಚಿತ್ರವೂ ಇರಲಿ. ಜನ ಮೊದಲು ಕೇಳುವುದು ಅವನ್ನೇ. ವಾಟ್ಸ್‌ಆ್ಯಪ್‌ನಲ್ಲಿ ಬ್ರೋಕರ್‌ಗೆ ಕಳಿಸುವಾಗ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಮಸುಕಾಗುವುದಿಲ್ಲ.

ಇಂತಿ,
ಒಬ್ಬ ಓದುಗ, ಕುವೆಂಪುನಗರ, ಮೈಸೂರು