ಈ ಭಾನುವಾರ: ವಿಕ್ಟರ್ ತ್ಸೋಯ್

ಗೆಳೆಯರೇ, ಭಾನುವಾರ ಸಂಜೆ 7ಕ್ಕೆ ನಾವು ಕೇಳೋದು ರಷ್ಯಾದ ರಾಕ್ ಗಾಯಕ ವಿಕ್ಟರ್ ತ್ಸೋಯ್ ಹಾಡುಗಳನ್ನು. 'ಗ್ರುಪ್ಪಾ ಕ್ರೋವಿ' (1988) ಆಲ್ಬಮ್ ಒಮ್ಮೆ ಪೂರ್ತಿ ಕೇಳಿಕೊಂಡು ಬನ್ನಿ.

ತ್ಸೋಯ್ ಹುಟ್ಟಿದ್ದು 1962ರಲ್ಲಿ, ಲೆನಿನ್‌ಗ್ರಾಡ್‌ನಲ್ಲಿ. ಅಪ್ಪ ಕೊರಿಯನ್ ಮೂಲದ ಎಂಜಿನಿಯರ್, ಅಮ್ಮ ರಷ್ಯನ್, ಪಿ.ಟಿ. ಟೀಚರ್. ಇಪ್ಪತ್ತರ ಆಸುಪಾಸಿನಲ್ಲೇ 'ಕಿನೋ' ತಂಡ ಕಟ್ಟಿದರು.

ಆಗಿನ ಸೋವಿಯತ್ ಒಕ್ಕೂಟದಲ್ಲಿ ಕೆಲಸವಿಲ್ಲದೆ ಸುಮ್ನೆ ಇರುವುದೇ ಅಪರಾಧ. ರಾಕ್ ಹಾಡುವುದನ್ನು ಯಾರೂ ಕೆಲಸ ಅಂತ ಒಪ್ಪುತ್ತಿರಲಿಲ್ಲ. ಅದಕ್ಕೇ ತ್ಸೋಯ್ ಕಟ್ಟಡಗಳನ್ನು ಬೆಚ್ಚಗಿಡುವ ಒಂದು ಬಾಯ್ಲರ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದರು. ಸಲಿಕೆ ಹಿಡಿದು ಕಲ್ಲಿದ್ದಲು ತುಂಬಬೇಕು, ಬೆಂಕಿ ಆರದಂತೆ ನೋಡಿಕೊಳ್ಳಬೇಕು. ಗೆಳೆಯರು ಅಲ್ಲಿಗೇ ಬರುತ್ತಿದ್ದರು, ಹಾಡೂ ನಡೆಯುತ್ತಿತ್ತು. 'ಕಮ್ಚಾಟ್ಕಾ' ಅನ್ನುವ ಆ ಕೋಣೆ ಮುಂದೆ ಮ್ಯೂಸಿಯಂ ಆಯಿತು. ಹಾಡುಗಳು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಕಾಪಿ ಆಗುತ್ತಾ ದೇಶವೆಲ್ಲ ಸುತ್ತಿದವು. ನನಗಂತೂ ಅವರ ದನಿ ಬಹಳ ಇಷ್ಟ. ಕೂಗಾಟವಿಲ್ಲ, ನೇರ ಮಾತು.

1990ರ ಜೂನ್‌ನಲ್ಲಿ ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಮುಂದೆ ಹಾಡಿದರು. ಎರಡು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 15ರಂದು ಲಾಟ್ವಿಯಾದಲ್ಲಿ ಅವರ ಕಾರು ಬಸ್ಸಿಗೆ ಡಿಕ್ಕಿ ಹೊಡೆಯಿತು. ಸಾಯುವಾಗ ಬರೀ 28 ವರ್ಷ. ಎಂಥ ಅನ್ಯಾಯ ಅಲ್ವಾ? ಹೊಸ ಆಲ್ಬಮ್‌ಗೆ ಅವರು ಹಾಡಿಟ್ಟಿದ್ದ ದನಿಗೆ ಉಳಿದವರು ವಾದ್ಯ ಸೇರಿಸಿ ಮುಗಿಸಿದರು. ಆ ಆಲ್ಬಮ್‌ನ ಹೊದಿಕೆ ಪೂರ್ತಿ ಕಪ್ಪು.

ದಯವಿಟ್ಟು ಹಾಡಿನ ಫೈಲ್ ಹಾಕಬೇಡಿ, ಲಿಂಕ್ ಸಾಕು. ರಷ್ಯನ್ ಬಲ್ಲವರು ಯಾರಾದರೂ ಇದ್ದರೆ ಒಂದೆರಡು ಹಾಡಿನ ಅರ್ಥವನ್ನು ಶನಿವಾರದೊಳಗೆ ಬರೆದು ಹಾಕಿ.