ಕಾಲೊನಿ ನಡುವಿನ ಶಾಲೆಗೆ ನಿಮ್ಮ ಕೈಲಾದಷ್ಟು ಕೊಡಿ

ಪ್ರೀತಿಯ ಬಂಧುಗಳೇ, ನಮಸ್ಕಾರ.

ಕೋಲಾರದ ನಮ್ಮ ಹಳೇ ಕ್ವಾರ್ಟರ್ಸ್ ಕಾಲೊನಿಯ ಸೋರುವ ಮನೆಗಳನ್ನು ಕೆಡವಿ ಮೂರಂತಸ್ತಿನ ಹೊಸ ಮನೆಗಳನ್ನು ಕಟ್ಟುತ್ತಿದ್ದಾರೆ. ಅದರ ಜೊತೆಗೇ ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಕನ್ನಡ ಶಾಲೆಗೆ ಹೊಸ ಕಟ್ಟಡ ಕಟ್ಟಿ ಇಲಾಖೆಗೆ ಒಪ್ಪಿಸುವ ಕೆಲಸವನ್ನು ನಮ್ಮ ಟ್ರಸ್ಟ್ ಹೊತ್ತುಕೊಂಡಿದೆ.

ಮೊದಲ ನಕ್ಷೆಯಲ್ಲಿ ಶಾಲೆ ಇದ್ದದ್ದು ಮೇನ್ ರೋಡ್ ಪಕ್ಕದ ಮೂಲೆಯಲ್ಲಿ. ಮನೆಗಳಿಗೆಲ್ಲ ಜಾಗ ಕೊಟ್ಟು ಮಿಕ್ಕಿದ್ದು ಮಕ್ಕಳಿಗೆ ಅಂತ. ಕಾಲೊನಿಯವರೆಲ್ಲ ಕೂತು ಮಾತಾಡಿ ಅದನ್ನು ಬದಲಾಯಿಸಿದೆವು. ಈಗ ಶಾಲೆಯ ಸಿ.ಎ. ಸೈಟ್ (ಸಾರ್ವಜನಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಜಾಗ) ಕಾಲೊನಿಯ ನಟ್ಟನಡುವೆ ಇದೆ. ಕಿರಿಯ ಪ್ರಾಥಮಿಕ ಶಾಲೆ 1 ಕಿ.ಮೀ. ನಡಿಗೆಯೊಳಗೆ ಇರಬೇಕು ಎನ್ನುತ್ತವೆ ಶಿಕ್ಷಣ ಹಕ್ಕಿನ ನಿಯಮಗಳು. ಆದರೆ ದಾರಿಯಲ್ಲಿ ಲಾರಿ ಓಡಾಡುವ ರಸ್ತೆ ಸಿಕ್ಕರೆ ಆರು ವರ್ಷದ ಮಗುವನ್ನು ಒಂಟಿಯಾಗಿ ಕಳಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಮಕ್ಕಳು ದೊಡ್ಡ ರಸ್ತೆ ದಾಟದೆ ಶಾಲೆಗೆ ನಡೆದು ಹೋಗುವಂತೆ ಬಡಾವಣೆ ಇರಬೇಕೆಂದು ಅಮೆರಿಕದ ನಗರ ಯೋಜನಾ ಚಿಂತಕ ಕ್ಲಾರೆನ್ಸ್ ಪೆರ್ರಿ 1929ರಲ್ಲೇ ಬರೆದಿದ್ದರು.

ಕಿಟಕಿಗಳನ್ನು ತಗ್ಗಿನಲ್ಲಿ ಇಡಿಸುತ್ತಿದ್ದೇವೆ, ಕೂತ ಮಗುವಿಗೂ ಹೊರಗಿನ ಹೊಂಗೆ ಮರ ಕಾಣಲಿ ಎಂದು. ಬೆಳಕು ಎಡಗಡೆಯಿಂದ ಜಾಸ್ತಿ ಬರುತ್ತದೆ, ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳುವುದಿಲ್ಲ. ಎಡಗೈಯಲ್ಲಿ ಬರೆಯುವ ಮಕ್ಕಳಿಗಾಗಿ ಬಲಗಡೆಯೂ ಕಿಟಕಿ ಉಂಟು. ಜಗಲಿ ಅಗಲವಾಗಿದೆ. ಬಿಸಿಯೂಟಕ್ಕೆ ಮಕ್ಕಳು ಎದುರುಬದುರು ಸಾಲಾಗಿ ಕೂತರೂ ನಡುವೆ ಸಾಂಬಾರ್ ಬಕೆಟ್ ಹಿಡಿದವರು ಆರಾಮಾಗಿ ಓಡಾಡಬಹುದು. ಆ ಜಗಲಿಗೆ ಹಾಸುವುದು ಕೆಡವಿದ ಮನೆಗಳಿಂದ ಎತ್ತಿಟ್ಟ ಚಪ್ಪಡಿ ಕಲ್ಲುಗಳನ್ನೇ. ರ್‍ಯಾಂಪ್, ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗೆ ಬೇರೆ ಬೇರೆ ಶೌಚಾಲಯ ನಕ್ಷೆಯಲ್ಲಿವೆ.

ಪಾಯ ಮುಗಿದಿದೆ, ಗೋಡೆ ಏಳುತ್ತಿದೆ. ಹಣ ಸಾಲದೆ ನಿಂತಿರುವುದು ಮಳೆನೀರಿನ ಸಂಪು. ಇದನ್ನು ಆಮೇಲೆ ನೋಡೋಣ ಎಂದು ಬಿಡಲು ನಮಗೆ ಮನಸ್ಸಿಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಇರುವುದು ನಿಮಗೂ ಗೊತ್ತು, ಅಲ್ವಾ? ಲೀಟರಿಗೆ 1.5 ಮಿ.ಗ್ರಾಂ. ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಕೂತುಬಿಡುತ್ತದೆ. ಎಷ್ಟು ಉಜ್ಜಿದರೂ ಹೋಗದು. ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಇಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುತ್ತದೆ. ಅಂದರೆ ಒಂದು ಚದರ ಮೀಟರ್ ತಾರಸಿಗೆ 700 ಲೀಟರ್. ನಮ್ಮದು 300 ಚದರ ಮೀಟರ್ ತಾರಸಿ. ಪೋಲಾಗುವುದನ್ನು ಕಳೆದರೂ ಒಂದೂವರೆ ಲಕ್ಷ ಲೀಟರಿಗೆ ಮೋಸವಿಲ್ಲ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಸಂಪಿಗೆ ಇಳಿಸುತ್ತೇವೆ. ಕುಡಿಯಲು ಕೊಡುವ ಮೊದಲು ಪರೀಕ್ಷೆ ಮಾಡಿಸುತ್ತೇವೆ.

ದುಡ್ಡೇ ಕೊಡಬೇಕೆಂದಿಲ್ಲ. ಹತ್ತು ಮೂಟೆ ಸಿಮೆಂಟ್, ಒಂದು ಲೋಡು ಸೈಜುಗಲ್ಲು, ಒಂದು ದಿನದ ಗಾರೆ ಕೆಲಸ, ಯಾವುದಾದರೂ ಸರಿ. ದುಡ್ಡು ಕೊಡುವವರು 2,000 ರೂಪಾಯಿಗಿಂತ ಜಾಸ್ತಿ ಇದ್ದರೆ ದಯವಿಟ್ಟು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಅದಕ್ಕಿಂತ ಹೆಚ್ಚಿನ ನಗದಿಗೂ, ಸಾಮಾನಿನ ರೂಪದ ದೇಣಿಗೆಗೂ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಎಷ್ಟೇ ಕೊಟ್ಟರೂ ರಸೀದಿ ಕೇಳಿ ಪಡೆಯಿರಿ. ಬಂದ ಹಣ, ಆದ ಖರ್ಚು ಎರಡನ್ನೂ ಪ್ರತಿ ತಿಂಗಳು ಟ್ರಸ್ಟ್ ಕಚೇರಿಯ ಬೋರ್ಡಿನಲ್ಲಿ ಹಾಕುತ್ತೇವೆ.

ಮುಂಗಾರು ಶುರುವಾಗುವ ಮುಂಚೆ ಸಂಪಿನ ಕಾಂಕ್ರೀಟ್ ಮುಗಿಯಬೇಕು. ಆದಷ್ಟು ಬೇಗ ಕೊಡಿ.

ಇಂತಿ,
ಶಾಲಾ ಕಟ್ಟಡ ಸಮಿತಿಯವರು, ಕೋಲಾರ